ಕರೀಂ ಅಬ್ದುಲ್-ಜಬ್ಬಾರ್: 38,387 ಅಂಕ ಬಂದದ್ದು ಎಲ್ಲಿಂದ?

ಅಂಕಿಪುಸ್ತಕ

ಲೆಬ್ರಾನ್ ಜೇಮ್ಸ್ ಮುಂದೆ ಹೋದ ಮೇಲೆ ಕರೀಂ ಹೆಸರು "ಎರಡನೇ ಸ್ಥಾನ" ಅನ್ನುವ ಒಂದೇ ಸಾಲಿಗೆ ಇಳಿದುಬಿಟ್ಟಿದೆ. 1984ರ ಏಪ್ರಿಲ್ 5ರಿಂದ 2023ರ ಫೆಬ್ರವರಿ 7ರ ತನಕ, ಹತ್ತಿರ ಹತ್ತಿರ 39 ವರ್ಷ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅತಿ ಹೆಚ್ಚು ಅಂಕದ ದಾಖಲೆ ಒಬ್ಬರ ಹೆಸರಲ್ಲೇ ಇತ್ತು. ಅದು ಹೇಗೆ ಕಟ್ಟಿದ ದಾಖಲೆ ಅಂತ ಇಲ್ಲಿ ಬಿಡಿಸಿ ನೋಡೋಣ ಅಂತ ಈ ಚರ್ಚೆ.

ಮೊದಲು ಲೆಕ್ಕ. 20 ಸೀಸನ್, 1,560 ಪಂದ್ಯ, 38,387 ಅಂಕ, ಪಂದ್ಯಕ್ಕೆ ಸರಾಸರಿ 24.6. ಬಾಸ್ಕೆಟ್ ಒಳಗೆ ಬಿದ್ದ ಫೀಲ್ಡ್ ಗೋಲ್ (ಆಟದ ನಡುವೆ ಹೊಡೆದ ಎಸೆತ, ಸಾಮಾನ್ಯವಾಗಿ ಎರಡು ಅಂಕ) 15,837, ಫ್ರೀ ಥ್ರೋ (ಫೌಲ್‌ಗೆ ಸಿಗುವ ಒಂದು ಅಂಕದ ಎಸೆತ) 6,712. ಮೂರು ಅಂಕದ ಎಸೆತ 18 ಸಲ ಹೊಡೆದು ಬಿದ್ದದ್ದು ಒಂದೇ ಒಂದು. 15,837 ಇಂಟು 2 ಅಂದರೆ 31,674. ಮೂರು ಅಂಕದ ಆ ಒಂದು ಎಸೆತಕ್ಕೆ ಮೇಲೆ 1. ಅದಕ್ಕೆ 6,712 ಕೂಡಿಸಿ, ಸರಿಯಾಗಿ 38,387. ಇದರಲ್ಲಿ ಮಿಲ್ವಾಕಿ ಬಕ್ಸ್ ಪರ ಆರು ಸೀಸನ್‌ಗೆ 14,211, ಲಾಸ್ ಏಂಜಲೀಸ್ ಲೇಕರ್ಸ್ ಪರ ಹದಿನಾಲ್ಕು ಸೀಸನ್‌ಗೆ 24,176.

ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಸೀಸನ್‌ನ ಅತಿ ಹೆಚ್ಚು ಸರಾಸರಿಯ ಪಟ್ಟ ಇವರಿಗೆ ಸಿಕ್ಕಿದ್ದು ಎರಡೇ ಸಲ, 1971 ಮತ್ತು 1972. ಒಂದು ಪಂದ್ಯದಲ್ಲಿ ಇವರ ಅತಿ ಹೆಚ್ಚು 55. ಅರವತ್ತನ್ನು ಒಮ್ಮೆಯೂ ಮುಟ್ಟಲಿಲ್ಲ. ಹಾಗಿದ್ದೂ ಎಲ್ಲರಿಗಿಂತ ಮೇಲೆ ಹೋದರು. ನನ್ನ ಪ್ರಕಾರ ಉತ್ತರ ಎರಡು: ವಯಸ್ಸಾಗದ ಒಂದು ಎಸೆತ (ತಲೆ ಮೇಲಿಂದ ಒಂದೇ ಕೈಯಲ್ಲಿ ಬಿಡುವ 'ಸ್ಕೈಹುಕ್'), ಬೆಂಚಿನ ಮೇಲೆ ಕೂರದ ಒಂದು ದೇಹ.

ಹರ್ಷಿ62

ಅಂಕಿಪುಸ್ತಕ ಅವರೇ, ಲೆಕ್ಕ ಸರಿ, ತೂಕ ಒಪ್ಪಲ್ಲ. ವಿಲ್ಟ್ ಚೇಂಬರ್ಲೇನ್ 31,419 ಅಂಕ ಮಾಡಿದ್ದು 1,045 ಪಂದ್ಯದಲ್ಲಿ. ಸರಾಸರಿ 30.1. ಕರೀಂ ಆಡಿದ್ದು 515 ಪಂದ್ಯ ಹೆಚ್ಚು. 1961-62ರಲ್ಲಿ ವಿಲ್ಟ್ ಒಂದೇ ಸೀಸನ್‌ಗೆ 4,029 ಅಂಕ, ಸರಾಸರಿ 50.4. ಆ ಸೀಸನ್‌ನಲ್ಲೇ ಮಾರ್ಚ್ 2ರಂದು ಹರ್ಷಿಯಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ 100: ಫೀಲ್ಡ್ ಗೋಲ್ 63ಕ್ಕೆ 36, ಫ್ರೀ ಥ್ರೋ 32ಕ್ಕೆ 28. ಮೈಕೆಲ್ ಜೋರ್ಡನ್‌ಗೂ 1,072 ಪಂದ್ಯಕ್ಕೆ 32,292, ಸರಾಸರಿ 30.1. ಅಂಕ ಗಳಿಸುವ ಶಕ್ತಿ ಅಂದರೆ ಇವರಿಬ್ಬರದು. ಕರೀಂ ಅವರದ್ದು ದೀರ್ಘಾಯಸ್ಸು.

ಅಂಕಿಪುಸ್ತಕ

ದೀರ್ಘಾಯಸ್ಸು ಅನ್ನುವ ಮಾತಿಗೆ ಒಂದು ಅಡ್ಡ ಪರೀಕ್ಷೆ ಮಾಡಿ ನೋಡಿ. 1981-82ರ ಸೀಸನ್ ಮುಗಿದಾಗ ಕರೀಂ 1,011 ಪಂದ್ಯ ಆಡಿದ್ದರು, ಅಂದರೆ ವಿಲ್ಟ್ ಇಡೀ ವೃತ್ತಿಗಿಂತ 34 ಕಡಿಮೆ. ಆಗ ಅವರ ಅಂಕ 28,088, ಸರಾಸರಿ 27.8. ವಯಸ್ಸು 35. ವಿಲ್ಟ್‌ಗಿಂತ ಎರಡೂಕಾಲು ಅಂಕ ಕಡಿಮೆ, ಒಪ್ಪಿದೆ. ಆದರೆ 24.6 ನೋಡಿ "ಸಾಧಾರಣ ಸ್ಕೋರರ್, ತುಂಬಾ ವರ್ಷ ಆಡಿದ" ಅನ್ನುವ ತೀರ್ಮಾನ ತಪ್ಪು. ಕೊನೆಯ ಮೂರು ಸೀಸನ್‌ಗಳಲ್ಲಿ 1,366, 1,165, 748 ಅಂಕ. ಸರಾಸರಿಯನ್ನು ಕೆಳಗೆ ಎಳೆದದ್ದು ಹೆಚ್ಚಾಗಿ ಅವೇ.

ಇನ್ನು ಪಂದ್ಯ ತಪ್ಪಿಸದ ವಿಷಯ. 20 ಸೀಸನ್, ತಲಾ 82 ಪಂದ್ಯ, ಒಟ್ಟು 1,640. ಇವರು ಆಡಿದ್ದು 1,560. ಅಂದರೆ ಇಪ್ಪತ್ತು ವರ್ಷಕ್ಕೆ ತಪ್ಪಿದ್ದು 80. ಆ 80ರಲ್ಲಿ 37 ಎರಡೇ ಸೀಸನ್‌ನಲ್ಲಿ ಹೋಯಿತು, ಎರಡೂ ಸಲ ಕೈ ಮುರಿದು. 1974ರಲ್ಲಿ ಸೀಸನ್‌ಗೆ ಮುಂಚಿನ ಪಂದ್ಯದಲ್ಲಿ ಕಣ್ಣಿಗೆ ಬೆರಳು ತಗುಲಿ, ಸಿಟ್ಟಿನಲ್ಲಿ ಬಾಸ್ಕೆಟ್‌ನ ಕಂಬಕ್ಕೆ ಗುದ್ದಿ ಕೈ ಮುರಿದುಕೊಂಡರು, 17 ಪಂದ್ಯ ಹೋಯಿತು. 1977ರಲ್ಲಿ ಸೀಸನ್‌ನ ಮೊದಲ ಪಂದ್ಯದಲ್ಲೇ ಕೆಂಟ್ ಬೆನ್ಸನ್ ಮೊಣಕೈಯಿಂದ ತಿವಿದದ್ದಕ್ಕೆ ತಿರುಗಿ ಗುದ್ದಿದರು, ಮತ್ತೆ ಕೈ ಮುರಿಯಿತು, 20 ಪಂದ್ಯ. ಮಿಕ್ಕ ಹದಿನೆಂಟು ಸೀಸನ್‌ಗೆ ತಪ್ಪಿದ್ದು ಬರೀ 43. ಏಳಡಿ ಎರಡಿಂಚು ಎತ್ತರದ, ಪ್ರತಿ ಪಂದ್ಯದಲ್ಲೂ ಬೆನ್ನಿಗೆ ಒಬ್ಬರನ್ನು ಹೊತ್ತು ಆಡುವ ಸೆಂಟರ್‌ಗೆ (ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ) ಇದು ನಂಬಲಾಗದ ಸಂಖ್ಯೆ.

ನೇತ್ರಾ_7

ಆ ದೇಹಕ್ಕೆ ಕಾರಣವನ್ನೂ ಸೇರಿಸಿ ಸರ್. ಕರೀಂ 1970ರ ದಶಕದಿಂದಲೇ ನಿಯಮಿತವಾಗಿ ಯೋಗ ಮಾಡುತ್ತಿದ್ದರು, ಸ್ನಾಯುವಿನ ಪೆಟ್ಟು ಕಡಿಮೆಯಾದದ್ದು ಅದರಿಂದ ಅಂತ ಅವರೇ ಹೇಳಿಕೊಂಡಿದ್ದಾರೆ. ಅದಕ್ಕೂ ಮುಂಚೆ ಕಾಲೇಜು ದಿನಗಳಲ್ಲಿ ಬ್ರೂಸ್ ಲೀ ಹತ್ತಿರ ಕಲಿತದ್ದು. ಆ ಕಾಲದ ಎನ್‌ಬಿಎಯಲ್ಲಿ ಸೆಂಟರ್ ಅಂದರೆ ತೂಕ ಎತ್ತಬೇಕು, ದಪ್ಪಗಾಗಬೇಕು ಅನ್ನುವವರೇ ಜಾಸ್ತಿ. ಇವರು ತೆಳ್ಳಗೆ ಉಳಿದರು, ಮಂಡಿಯ ಮೇಲೆ ಬೀಳುವ ಭಾರ ಕಡಿಮೆಯಾಯಿತು. ಸ್ಕೈಹುಕ್‌ಗೆ ಎತ್ತರಕ್ಕೆ ಜಿಗಿಯಬೇಕಿಲ್ಲ ಅನ್ನುವುದೂ ಮಂಡಿಗೆ ಉಳಿತಾಯ.

787 ಪಂದ್ಯದ ಸರಣಿ ಯಾರೂ ಹೇಳಲಿಲ್ಲ. 1977ರ ಡಿಸೆಂಬರ್‌ನಿಂದ 1987ರ ಡಿಸೆಂಬರ್ ತನಕ ಒಂದೇ ಒಂದು ಪಂದ್ಯದಲ್ಲೂ ಎರಡಂಕಿಗಿಂತ ಕೆಳಗೆ ಇಳಿಯಲಿಲ್ಲ. ಸರಣಿ ಮುರಿದದ್ದು ಮಿಲ್ವಾಕಿ ವಿರುದ್ಧವೇ, 7 ಅಂಕಕ್ಕೆ. ಆಮೇಲೆ ಜೋರ್ಡನ್ 866ಕ್ಕೆ ಒಯ್ದರು, ಅದನ್ನು ಲೆಬ್ರಾನ್ 2018ರಲ್ಲಿ ದಾಟಿದರು.

ಕೋಚ್‌ಮಾಮ

ಎಲ್ಲರೂ ಸ್ಕೈಹುಕ್ ಸ್ಕೈಹುಕ್ ಅಂತೀರಿ, ಅದನ್ನು ಬಿಚ್ಚಿ ಯಾರೂ ಹೇಳ್ತಿಲ್ಲ. ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಜಾಗದಿಂದ ಶುರು. ರಿಂಗ್‌ಗೆ ಮುಖ ಮಾಡಿ ನಿಂತರೆ ಪೇಂಟ್‌ನ (ರಿಂಗ್ ಮುಂದಿನ ಬಣ್ಣದ ಚೌಕ) ಎಡಗಡೆ ಗೆರೆ ಮೇಲೆ ಇರುವ ಬ್ಲಾಕ್ ಅನ್ನೋ ಗುರುತು, ಕರೀಂ ಅವರ ಮನೆ ಅದು. ರಿಂಗ್‌ಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ, ಸೊಂಟ ಇಳಿಸಿ ನಿಲ್ತಾರೆ. ಡಿಫೆಂಡರ್ ಬೆನ್ನ ಹಿಂದೆ. ಚೆಂಡು ಬಂದ ತಕ್ಷಣ ಗದ್ದದ ಹತ್ತಿರ ಹಿಡೀತಾರೆ, ಸೊಂಟಕ್ಕೆ ಇಳಿಸಲ್ಲ. ಇಳಿಸಿದರೆ ಗಾರ್ಡ್‌ಗಳು (ಚೆಂಡು ಆಡಿಸೋ ಹೊರಗಿನ ಆಟಗಾರರು) ಬಂದು ಕಿತ್ಕೋತಾರೆ. ದೊಡ್ಡ ಆಟಗಾರರು ಚೆಂಡು ಕಳ್ಕೊಳ್ಳೋದು ಬಹುಪಾಲು ಈ ಒಂದು ತಪ್ಪಿಂದ.

ಈಗ ಎಡಗಾಲು. ಪೇಂಟ್‌ನ ನಡುವಿಗೆ, ಬೇಸ್‌ಲೈನ್‌ಗೆ ಸಮಾನಾಂತರವಾಗಿ ಒಂದು ಉದ್ದ ಹೆಜ್ಜೆ. ಈ ಹೆಜ್ಜೆ ಬಿದ್ದಾಗ ಎಡಭುಜ ನೇರ ರಿಂಗ್ ಕಡೆ ತೋರಿಸಬೇಕು. ಎರಡೂ ಭುಜ ಮತ್ತು ರಿಂಗ್ ಒಂದೇ ಗೆರೆಯಲ್ಲಿ. ಚೆಂಡು ಇರೋದು ಬಲಗೈಯಲ್ಲಿ, ಆ ಗೆರೆಯ ದೂರದ ತುದಿಯಲ್ಲಿ. ಡಿಫೆಂಡರ್ ಇರೋದು ರಿಂಗ್ ಕಡೆ ತುದಿಯಲ್ಲಿ. ನಡುವೆ ಕರೀಂ ಅವರ ಪೂರ್ತಿ ದೇಹ, ಅದರ ಮುಂದೆ ಮಡಚಿದ ಎಡಗೈ. ಚೆಂಡು ಮುಟ್ಟಬೇಕಾದರೆ ಅವರನ್ನು ದಾಟಿ ಬರಬೇಕು, ದಾಟಿದರೆ ಫೌಲ್. ಈ ಎಸೆತದ ರಹಸ್ಯ ಅಂದರೆ ಇದೇ, ಎತ್ತರ ಆಮೇಲಿನ ಮಾತು.

ಬಲಮಂಡಿ ಮೇಲೆ ಏಳುತ್ತೆ, ಎಡಗಾಲಲ್ಲಿ ಜಿಗಿತ. ಬಲಗೈ ಪಕ್ಕದಿಂದ ಬಳಸಿ ಬೀಸೋದಲ್ಲ. ಕಿವಿ ಪಕ್ಕದಲ್ಲಿ ನೆಟ್ಟಗೆ ಮೇಲಕ್ಕೆ ಹೋಗಬೇಕು. ತೋಳು ಪೂರ್ತಿ ನೀಡಿದ ಮೇಲೆ, ಜಿಗಿತದ ತುದಿಯಲ್ಲಿ, ಮಣಿಕಟ್ಟು ಮಡಚಿ ಬೆರಳ ತುದಿಯಿಂದ ಚೆಂಡು ಬಿಡಬೇಕು. ಕೊನೆಗೆ ಚೆಂಡು ತಾಕೋದು ತೋರುಬೆರಳು, ನಡುಬೆರಳಿಗೆ. ಹಿಮ್ಮುಖ ತಿರುಗು ಬರುತ್ತೆ, ರಿಂಗ್ ಅಂಚು ತಾಗಿದರೂ ಮೆತ್ತಗೆ ಕೂರುತ್ತೆ. ಕಣ್ಣು ಎಡಭುಜದ ಮೇಲಿಂದ ರಿಂಗ್ ಮೇಲೆ.

ಇನ್ನೊಂದು ಲಾಭ ಇದೆ, ಹೆಚ್ಚು ಜನ ಗಮನಿಸಲ್ಲ. ರಿಂಗ್ ಇರೋದು 305 ಸೆಂ.ಮೀ. ಎತ್ತರದಲ್ಲಿ. 218 ಸೆಂ.ಮೀ. ಮನುಷ್ಯ ತೋಳು ನೀಡಿ ಜಿಗಿದು ಬಿಟ್ಟ ಚೆಂಡು ಮೇಲೇರುವ ದೂರ ಕಡಿಮೆ, ಬೇಗ ಇಳಿಯೋಕೆ ಶುರು ಮಾಡುತ್ತೆ. ಇಳಿಯೋ ಚೆಂಡು ಮುಟ್ಟಿದರೆ ಗೋಲ್‌ಟೆಂಡಿಂಗ್, ಅಂಕ ಕೊಡಲೇಬೇಕು. ಹಾಗಾಗಿ ತಡೆಯೋನಿಗೆ ಸಿಗೋ ಸಮಯ ಕಣ್ಣು ಮಿಟುಕಿಸುವಷ್ಟು.

ಸಿಮೆಂಟ್‌ಕೋರ್ಟ್

ಕೋಚ್‌ಮಾಮ, ಒಂದು ಪ್ರಶ್ನೆ. ಚೆಂಡು ಹಿಡಿದ ಮೇಲೆ ಎಡಗಾಲು ಹೆಜ್ಜೆ ಇಟ್ಟು, ಬಲಗಾಲು ಎತ್ತಿ ಹೊಡೆದರೆ ರೆಫರಿ ಟ್ರಾವಲಿಂಗ್ (ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಹಾಕುವ ತಪ್ಪು) ಕೊಡಲ್ವಾ?

ಕೋಚ್‌ಮಾಮ

ಕೊಡಲ್ಲ ತಮ್ಮ. ಇಲ್ಲಿ ಪಿವಟ್, ಅಂದರೆ ನೆಲದಲ್ಲಿ ಊರಿ ಅದರ ಮೇಲೆ ತಿರುಗೋ ಕಾಲು, ಬಲಗಾಲು. ಪಾಸ್ ಕೊಡೋಕೆ ಅಥವಾ ಶಾಟ್ ಹೊಡೆಯೋಕೆ ಪಿವಟ್ ಕಾಲು ಎತ್ತಬಹುದು, ಅದು ಮತ್ತೆ ನೆಲ ಮುಟ್ಟೋದರೊಳಗೆ ಚೆಂಡು ಕೈ ಬಿಟ್ಟಿರಬೇಕು. ಟ್ರಾವಲಿಂಗ್ ಆಗೋದು ಎರಡು ಕಡೆ. ಎಡಗಾಲು ಊರೋಕೆ ಮುಂಚೆ ಬಲಗಾಲು ನೆಲದ ಮೇಲೆ ಜಾರಿದರೆ. ಇಲ್ಲ, ಡ್ರಿಬಲ್ (ಚೆಂಡು ನೆಲಕ್ಕೆ ಬಡಿಯೋದು) ಶುರು ಮಾಡುವಾಗ ಚೆಂಡು ಕೈ ಬಿಡೋ ಮುಂಚೆ ಬಲಗಾಲು ಎದ್ದರೆ. ಹೊಸಬರಿಗೆ ಎರಡನೇದು ಜಾಸ್ತಿ ಆಗುತ್ತೆ. ಅದಕ್ಕೇ ಮೊದಲ ತಿಂಗಳು ಡ್ರಿಬಲ್ ಇಲ್ಲದೆ ಕಲೀಬೇಕು.

ಮಿಲ್ವಾಕಿಕನ್ನಡಿಗ

ಲೇಕರ್ಸ್ ಹೆಸರಿನ ಅಡಿಯಲ್ಲಿ ಮಿಲ್ವಾಕಿ ಮುಚ್ಚಿಹೋಗಬಾರದು. ಕರೀಂ ಅವರ ಅತಿ ದೊಡ್ಡ ಸೀಸನ್‌ಗಳು ಇಲ್ಲಿಯವು.

1968-69ರಲ್ಲಿ ಬಕ್ಸ್ ಹೊಸ ತಂಡ, 27 ಗೆಲುವು 55 ಸೋಲು. ಕಾಲೇಜಿನಿಂದ ಬರುವ ಹೊಸ ಆಟಗಾರರಲ್ಲಿ ಮೊದಲ ಆಯ್ಕೆಯ ಹಕ್ಕಿಗೆ ಫೀನಿಕ್ಸ್ ಜೊತೆ ನಾಣ್ಯ ಚಿಮ್ಮಿದರು. ಫೀನಿಕ್ಸ್ 'ಹೆಡ್' ಅಂದಿತು, ಬಿದ್ದದ್ದು 'ಟೇಲ್'. ಆಗ ಲ್ಯೂ ಆಲ್ಸಿಂಡರ್ (ಕರೀಂ ಅವರ ಮೊದಲ ಹೆಸರು) ಆಗಿದ್ದ ಹುಡುಗ ಮಿಲ್ವಾಕಿಗೆ ಬಂದ. ಮೊದಲ ಸೀಸನ್‌ನಲ್ಲೇ ಪಂದ್ಯಕ್ಕೆ 28.8 ಅಂಕ, 14.5 ರಿಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು), ತಂಡಕ್ಕೆ 56 ಗೆಲುವು. ಮರುವರ್ಷ ಆಸ್ಕರ್ ರಾಬರ್ಟ್‌ಸನ್ ಸೇರಿಕೊಂಡರು. 66 ಗೆಲುವು, ಫೈನಲ್‌ನಲ್ಲಿ ಬಾಲ್ಟಿಮೋರ್ ಬುಲೆಟ್ಸ್ ವಿರುದ್ಧ 4-0. ಲೀಗ್‌ಗೆ ಬಂದ ಮೂರನೇ ವರ್ಷಕ್ಕೆ ಚಾಂಪಿಯನ್.

1971-72ರ ಸೀಸನ್ ಮಾತ್ರ ಪ್ರತ್ಯೇಕವಾಗಿ ನೋಡಬೇಕು. 34.8 ಅಂಕ, 16.6 ರಿಬೌಂಡ್, ಒಟ್ಟು 2,822 ಅಂಕ. ಆ ವರ್ಷ ಲೇಕರ್ಸ್ ಸತತ 33 ಪಂದ್ಯ ಗೆದ್ದಿತ್ತು, ಇವತ್ತಿಗೂ ಯಾರೂ ಮುಟ್ಟದ ಸರಣಿ. ಅದು ಮುರಿದದ್ದು 1972ರ ಜನವರಿ 9ರಂದು ಮಿಲ್ವಾಕಿಯಲ್ಲಿ, 120-104. ಕರೀಂ 39 ಅಂಕ, ಎದುರಿಗಿದ್ದ ಸೆಂಟರ್ ವಿಲ್ಟ್ ಚೇಂಬರ್ಲೇನ್.

ಹಳೆಯ ವಿಡಿಯೋ, ಸ್ಕೋರ್‌ಕಾರ್ಡ್ ಹುಡುಕುವವರಿಗೆ ಒಂದು ಸೂಚನೆ: ಹೆಸರು ಬದಲಾದದ್ದು 1971ರ ಮೇ 1ರಂದು, ಚಾಂಪಿಯನ್ ಆದ ಮರುದಿನ. ಅದಕ್ಕೂ ಹಿಂದಿನ ಕಾಲೇಜು ಪಂದ್ಯ, ಮೊದಲ ಎರಡು ಸೀಸನ್ ಆಲ್ಸಿಂಡರ್ ಹೆಸರಲ್ಲೇ ಹುಡುಕಿ. ಒಂದೇ ಹೆಸರಲ್ಲಿ ಹುಡುಕಿದರೆ ಅರ್ಧ ಸಿಗುವುದಿಲ್ಲ.

ರಿಬೌಂಡ್‌ರಂಗ

1974ರ ಫೈನಲ್ ಆರನೇ ಪಂದ್ಯವನ್ನೂ ಸೇರಿಸಿ. ಬೋಸ್ಟನ್ ಗಾರ್ಡನ್, ಎರಡನೇ ಓವರ್‌ಟೈಮ್. ಜಾನ್ ಹ್ಯಾವ್ಲಿಚೆಕ್ ಹೊಡೆದು ಬೋಸ್ಟನ್ 101-100. ಉಳಿದದ್ದು ಏಳು ಸೆಕೆಂಡ್. ಕರೀಂ ಚೆಂಡು ತಗೊಂಡು ಬೇಸ್‌ಲೈನ್ ಪಕ್ಕಕ್ಕೆ ಸರಿದು, ಮಾಮೂಲಿ ಜಾಗಕ್ಕಿಂತ ಎಷ್ಟೋ ದೂರದಿಂದ ಹುಕ್ ಎತ್ತಿದರು. 102-101. ಇದು ಸ್ಕೈಹುಕ್ ರಿಂಗ್ ಹತ್ತಿರಕ್ಕೆ ಮಾತ್ರ ಅನ್ನುವವರಿಗೆ ಉತ್ತರ. ಏಳನೇ ಪಂದ್ಯ ಬೋಸ್ಟನ್ ಗೆದ್ದಿತು, ಅದೂ ನಿಜ.

ಹರ್ಷಿ62

ಹೊಗಳಿಕೆ ನಡೀಲಿ, ಕೊರತೆಯ ಲೆಕ್ಕವೂ ಬರಲಿ. 1983ರ ಫೈನಲ್, ಫಿಲಡೆಲ್ಫಿಯಾ 4-0. ನಾಲ್ಕು ಪಂದ್ಯಕ್ಕೆ ಮೋಸಸ್ ಮಲೋನ್ 72 ರಿಬೌಂಡ್, ಕರೀಂ 30. 1973ರಲ್ಲಿ 60 ಪಂದ್ಯ ಗೆದ್ದ ಬಕ್ಸ್ ಮೊದಲ ಸುತ್ತಿನಲ್ಲೇ ಗೋಲ್ಡನ್ ಸ್ಟೇಟ್‌ಗೆ ಸೋತಿತು, ಅಲ್ಲಿ ನೇಟ್ ಥರ್ಮಂಡ್ ಇವರನ್ನು ಕಟ್ಟಿಹಾಕಿದ್ದರು. ಸ್ಕೈಹುಕ್ ತಡೆಯಲು ಆಗದ್ದು ಅಂತ ಹೇಳುವುದು ಸುಲಭ.

ಕೋಚ್‌ಮಾಮ

ಹರ್ಷಿ ಸರ್ ಹೇಳಿದ್ದು ಸರಿ, ಥರ್ಮಂಡ್ ಹೇಗೆ ತಡೆದರು ಅನ್ನೋದರಲ್ಲೇ ಪಾಠ ಇದೆ. ಬಿಟ್ಟ ಚೆಂಡನ್ನು ಅವರು ತಡೀಲಿಲ್ಲ. ಚೆಂಡು ಬರೋದಕ್ಕೆ ಮುಂಚೆಯೇ ಕರೀಂ ಅವರನ್ನು ಬ್ಲಾಕ್‌ನಿಂದ ಹೊರಕ್ಕೆ ತಳ್ಳಿದರು. ತೊಡೆ, ಎದೆಯಿಂದ ಒತ್ತಿ ಒಂದೂವರೆ ಹೆಜ್ಜೆ ಆಚೆ. ಎರಡೂವರೆ ಮೀಟರ್‌ನ ಹುಕ್ ನಾಲ್ಕು ಮೀಟರ್‌ನದ್ದಾದರೆ ಅದೇ ಎಸೆತ ಬೇರೆ ಎಸೆತ ಆಗುತ್ತೆ. ತೋಳು ಪೂರ್ತಿ ನೀಡಿರೋದರಿಂದ ಭುಜದಲ್ಲಿ ಆದ ಕೂದಲೆಳೆ ತಪ್ಪು ರಿಂಗ್ ಹತ್ತಿರ ಗೇಣುದ್ದ ಆಗುತ್ತೆ. ಎರಡನೇ ಉಪಾಯ, ನಡುವಿಗೆ ಹೋಗೋ ಎಡಹೆಜ್ಜೆಯ ದಾರಿಯಲ್ಲೇ ಕಾಲು ಇಟ್ಟು ನಿಲ್ಲೋದು, ಬಲಭುಜದ ಕಡೆ ತಿರುಗೋ ಹಾಗೆ ಮಾಡೋದು. ಅಲ್ಲಿಂದ ಎಡಗೈಯಲ್ಲಿ ಹೊಡೀಬೇಕು, ಕರೀಂ ಅವರಿಗೂ ಅದು ಎರಡನೇ ಆಯ್ಕೆ.

ರಿಬೌಂಡ್ ವಿಷಯ ವಾದಕ್ಕೆ ಬರಲ್ಲ. ಕೊನೆಯ ಹತ್ತು ವರ್ಷ ಅವರ ರಿಬೌಂಡ್ ಕಡಿಮೆಯಾಯಿತು. 1976ರಲ್ಲಿ 16.9 ಇದ್ದದ್ದು ಹತ್ತು ವರ್ಷದ ಮೇಲೆ 6.1. ಶಾಟ್ ಉಳೀತು, ರಿಬೌಂಡ್ ಹೋಯ್ತು. ರಿಬೌಂಡ್‌ಗೆ ಬೇಕಾದ ಎರಡನೇ ಜಿಗಿತ ಮೊದಲು ಹೋಗುತ್ತೆ. ಶಾಟ್‌ಗೆ ಬೇಕಾದ ಭುಜ, ಮಣಿಕಟ್ಟು ಕೊನೆಗೆ ಹೋಗೋದು.

ಅಂಕಿಪುಸ್ತಕ

ಕೋಚ್‌ಮಾಮ ಕೊನೆಗೆ ಹೇಳಿದ ಮಾತಿಗೆ ಸಾಕ್ಷಿ ಬೇಕಾದರೆ 1985ರ ಫೈನಲ್. ಮೇ 27ರ ಮೊದಲ ಪಂದ್ಯ, ಬೋಸ್ಟನ್ 148, ಲೇಕರ್ಸ್ 114. ಕರೀಂ 12 ಅಂಕ, 3 ರಿಬೌಂಡ್. ವಯಸ್ಸು 38, ಕಥೆ ಮುಗಿಯಿತು ಅಂದರು. ಎರಡನೇ ಪಂದ್ಯದಲ್ಲಿ 30 ಅಂಕ, 17 ರಿಬೌಂಡ್, 8 ಅಸಿಸ್ಟ್ (ಅಂಕ ತಂದ ಪಾಸ್), 3 ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು). ಆರನೇ ಪಂದ್ಯದಲ್ಲಿ 29 ಅಂಕ ಹೊಡೆದು ಬೋಸ್ಟನ್ ಗಾರ್ಡನ್‌ನಲ್ಲೇ ಸರಣಿ ಮುಗಿಸಿದರು. ಅದಕ್ಕೂ ಮುಂಚೆ ಎಂಟು ಫೈನಲ್‌ನಲ್ಲಿ ಲೇಕರ್ಸ್ ಬೋಸ್ಟನ್‌ಗೆ ಸೋತಿತ್ತು, ಒಮ್ಮೆಯೂ ಗೆದ್ದಿರಲಿಲ್ಲ. ಫೈನಲ್‌ನ ಶ್ರೇಷ್ಠ ಆಟಗಾರ ಕರೀಂ. ಇದೇ ಗೌರವ ಮೊದಲ ಸಲ ಬಂದದ್ದು 1971ರಲ್ಲಿ. ನಡುವೆ ಹದಿನಾಲ್ಕು ವರ್ಷ.

ನನಗೆ ಅವರ 38,387ಕ್ಕಿಂತ ದೊಡ್ಡದು ಈ ಹದಿನಾಲ್ಕು.

ನೇತ್ರಾ_7

ಫ್ರೀ ಥ್ರೋಗೂ ಒಂದು ಮಾತು. 9,304ಕ್ಕೆ 6,712, ಶೇ. 72.1. ಸೆಂಟರ್ ಆಟಗಾರರಲ್ಲಿ ಇದು ಚೆನ್ನಾಗಿಯೇ ಇರುವ ಲೆಕ್ಕ, ವಿಲ್ಟ್ ಇಲ್ಲಿ ತುಂಬಾ ಹಿಂದೆ. 1988ರ ಫೈನಲ್, ಆರನೇ ಪಂದ್ಯ, ಡೆಟ್ರಾಯಿಟ್ 102-101ರಿಂದ ಮುಂದೆ, ಸರಣಿಯಲ್ಲಿ 3-2. ಕೊನೆಯ 14 ಸೆಕೆಂಡ್ ಇದ್ದಾಗ ಸ್ಕೈಹುಕ್‌ಗೆ ಎದ್ದ ಕರೀಂ ಮೇಲೆ ಬಿಲ್ ಲೈಂಬಿಯರ್ ಫೌಲ್. 41 ವರ್ಷದ ಮನುಷ್ಯ ಗೆರೆ ಮೇಲೆ ನಿಂತು ಎರಡನ್ನೂ ಹಾಕಿದರು. 103-102. ಒಂದು ತಪ್ಪಿದ್ದರೂ ಗೆಲುವು ಕೈಯಲ್ಲಿ ಇರುತ್ತಿರಲಿಲ್ಲ. ಏಳನೇ ಪಂದ್ಯ ಗೆದ್ದು ಆರನೇ ಚಾಂಪಿಯನ್‌ಶಿಪ್: 1971, 1980, 1982, 1985, 1987, 1988.

ಸಿಮೆಂಟ್‌ಕೋರ್ಟ್

1980ರ ಫೈನಲ್‌ನಲ್ಲಿ ಗೆಲ್ಲಿಸಿದ್ದು ಮ್ಯಾಜಿಕ್ ಜಾನ್ಸನ್ ಅಲ್ವಾ? ಕರೀಂ ಆಡಲೇ ಇಲ್ಲ ಅಂತ ಓದಿದೀನಿ.

ಅಂಕಿಪುಸ್ತಕ

ಆರನೇ ಪಂದ್ಯ ಆಡಲಿಲ್ಲ. ಐದನೇ ಪಂದ್ಯದಲ್ಲಿ ಕಣಕಾಲು ಉಳುಕಿ ಒಳಗೆ ಹೋದವರು ವಾಪಸ್ ಬಂದು 40 ಅಂಕ ಮುಗಿಸಿ ಲೇಕರ್ಸ್‌ಗೆ 3-2 ಮುನ್ನಡೆ ಕೊಟ್ಟರು. ಆ ಕಣಕಾಲು ಇಟ್ಟುಕೊಂಡು ಫಿಲಡೆಲ್ಫಿಯಾಕ್ಕೆ ಹೋಗಲಾಗಲಿಲ್ಲ. ಅಲ್ಲಿ ಇಪ್ಪತ್ತು ವರ್ಷದ ಮ್ಯಾಜಿಕ್ ಸೆಂಟರ್ ಜಾಗದಿಂದ ಆಟ ಶುರು ಮಾಡಿ 42 ಅಂಕ ಹೊಡೆದರು. ಎರಡೂ ಪಂದ್ಯ ಬೇಕಿತ್ತು.

ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ) ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. ಆರು: 1971, 1972, 1974, 1976, 1977, 1980. ಇವತ್ತಿಗೂ ಅತಿ ಹೆಚ್ಚು, ಜೋರ್ಡನ್ ಮತ್ತು ಬಿಲ್ ರಸೆಲ್‌ಗೆ ತಲಾ ಐದು. ಆಗ ಎಂವಿಪಿಗೆ ಮತ ಹಾಕುತ್ತಿದ್ದವರು ಆಟಗಾರರೇ. ಪತ್ರಕರ್ತರ ಮತ ಶುರುವಾದದ್ದು 1980-81ರಿಂದ. ಅಂದರೆ ಆರೂ ಸಲ ಇವರನ್ನು ಆರಿಸಿದವರು ಅಂಗಳದಲ್ಲಿ ಇವರ ಎದುರು ಆಡಿದವರು. 1976ರಲ್ಲಂತೂ ಲೇಕರ್ಸ್ 40 ಗೆದ್ದು 42 ಸೋತು ಪ್ಲೇಆಫ್‌ಗೂ ಹೋಗಿರಲಿಲ್ಲ, ಆದರೂ ಮತ ಇವರಿಗೆ.

ರಿಬೌಂಡ್‌ರಂಗ

ಹಳೆಯ ಅಂಕಿ ಓದುವಾಗ ಒಂದು ಎಚ್ಚರಿಕೆ. ಬ್ಲಾಕ್ ಪಟ್ಟಿಯಲ್ಲಿ ಕರೀಂ 3,189, ಹಕೀಮ್ ಒಲಾಜುವಾನ್ 3,830, ಡಿಕೆಂಬೆ ಮುಟಾಂಬೊ 3,289. ಆದರೆ ಎನ್‌ಬಿಎ ಬ್ಲಾಕ್ ಎಣಿಸಲು ಶುರು ಮಾಡಿದ್ದು 1973-74ರಲ್ಲಿ. ಕರೀಂ ಅವರ ಮೊದಲ ನಾಲ್ಕು ಸೀಸನ್, ಜಿಗಿತ ಚೆನ್ನಾಗಿದ್ದ 22ರಿಂದ 26ರ ವಯಸ್ಸು, ಲೆಕ್ಕದಲ್ಲೇ ಇಲ್ಲ. ವಿಲ್ಟ್, ರಸೆಲ್ ಹೆಸರಲ್ಲಿ ಒಂದೂ ಇಲ್ಲ. ಆ ಪಟ್ಟಿ ಹಿಡಿದು ವಾದ ಮಾಡಿದರೆ ತಪ್ಪುತ್ತೀರಿ.

ಲೆಬ್ರಾನ್ ಹೋಲಿಕೆಗೂ ಇದೇ ಮಾತು. ಲೆಬ್ರಾನ್ 1,410ನೇ ಪಂದ್ಯಕ್ಕೆ ದಾಟಿದರು, ಕರೀಂಗೆ 1,560 ಬೇಕಾಯಿತು, ಅಷ್ಟಕ್ಕೇ ನಿಲ್ಲಿಸಬೇಡಿ. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದದ್ದು 1979-80ರಲ್ಲಿ, ಕರೀಂ ಅವರ ಹನ್ನೊಂದನೇ ಸೀಸನ್. ಲೆಬ್ರಾನ್ ಆ ಹೊತ್ತಿಗೆ 2,200ಕ್ಕೂ ಹೆಚ್ಚು ಮೂರರ ಎಸೆತ ಹಾಕಿದ್ದರು. ಲೆಬ್ರಾನ್ ಹೈಸ್ಕೂಲಿನಿಂದ ನೇರ, 18ಕ್ಕೆ ಬಂದವರು. ಕರೀಂ ನಾಲ್ಕು ವರ್ಷ ಕಾಲೇಜು ಮುಗಿಸಿ 22ಕ್ಕೆ. ಆ ನಾಲ್ಕು ವರ್ಷ ಸುಮ್ಮನೆ ಹೋಗಲಿಲ್ಲ, ಅದು ಬೇರೆ ಮಾತು.

ಮಿಲ್ವಾಕಿಕನ್ನಡಿಗ

ಆ ಬೇರೆ ಮಾತೇ ಮುಖ್ಯ. ಆಗಿನ ನಿಯಮದಲ್ಲಿ ಮೊದಲ ವರ್ಷದ ಹುಡುಗರು ಕಾಲೇಜಿನ ಮುಖ್ಯ ತಂಡಕ್ಕೆ ಆಡುವ ಹಾಗಿರಲಿಲ್ಲ. 1965ರ ನವೆಂಬರ್‌ನಲ್ಲಿ ಕರೀಂ ಓದುತ್ತಿದ್ದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಮೊದಲ ವರ್ಷದ ಹುಡುಗರು ಚಾಂಪಿಯನ್ ಆಗಿದ್ದ ಸೀನಿಯರ್‌ಗಳನ್ನೇ 75-60ರಿಂದ ಸೋಲಿಸಿದರು, ಇವರದ್ದು 31. ಮುಂದಿನ ಮೂರು ವರ್ಷ ಕೋಚ್ ಜಾನ್ ವುಡನ್ ಕೈಕೆಳಗೆ 88 ಗೆಲುವು, 2 ಸೋಲು, ಮೂರಕ್ಕೆ ಮೂರು ರಾಷ್ಟ್ರೀಯ ಚಾಂಪಿಯನ್‌ಶಿಪ್. ಎರಡು ಸೋಲಿನಲ್ಲಿ ಒಂದು 1968ರ ಜನವರಿ 20ರಂದು ಹ್ಯೂಸ್ಟನ್ ವಿರುದ್ಧ, 71-69. ಕಣ್ಣಿನ ಗುಡ್ಡೆ ಗೀರಿದ ಗಾಯ ಇಟ್ಟುಕೊಂಡೇ ಆಡಿ 15 ಅಂಕ ಮಾಡಿದರು, ಎಲ್ವಿನ್ ಹೇಯ್ಸ್ 39. ಮುಂದೆ ಕನ್ನಡಕ ಹಾಕಿ ಆಡುವಂತಾದದ್ದು ಇಂಥ ಕಣ್ಣಿನ ಪೆಟ್ಟುಗಳಿಂದಲೇ.

1967ರ ಸೀಸನ್ ಮುಗಿಯುತ್ತಿದ್ದಂತೆ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಡಂಕ್ (ಜಿಗಿದು ಚೆಂಡನ್ನು ಕೈಯಾರೆ ರಿಂಗ್ ಒಳಗೆ ತುರುಕುವುದು) ನಿಷೇಧ ಆಯಿತು. 1976ರ ತನಕ ಇತ್ತು. ಇವರ ಎತ್ತರಕ್ಕೆ ಹಾಕಿದ ಬೇಲಿ ಅಂತಲೇ ಎಲ್ಲರೂ ತಿಳಿದದ್ದು. ಪರಿಣಾಮ ಏನು? ಡಂಕ್ ಇಲ್ಲ ಅಂದ ಮೇಲೆ ಎರಡು ವರ್ಷ ಇವರು ಹುಕ್ ತಿದ್ದಿಕೊಂಡರು. ಡಂಕ್ ಹೊಡೆಯುತ್ತಲೇ ಉಳಿದಿದ್ದರೆ 35ರ ನಂತರದ ಹತ್ತು ಸಾವಿರ ಅಂಕ ಬರುತ್ತಿತ್ತೇ ಅನ್ನುವುದು ನನ್ನ ಅನುಮಾನ.

ಹರ್ಷಿ62

ಈ ಮಾತಿಗೆ ಒಪ್ಪಿಗೆ. ವಿಲ್ಟ್ ದಾಖಲೆ ದಾಟಿದ ಎಸೆತವೂ ಅದೇ ತಾನೆ. 1984ರ ಏಪ್ರಿಲ್ 5, ಲಾಸ್ ವೇಗಸ್, ಯೂಟಾ ಜಾಝ್ ವಿರುದ್ಧ. ಮ್ಯಾಜಿಕ್ ಪಾಸ್, ಎದುರಿಗೆ ಏಳಡಿ ನಾಲ್ಕಿಂಚಿನ ಮಾರ್ಕ್ ಈಟನ್. ಕರೀಂಗಿಂತ ಎರಡಿಂಚು ಎತ್ತರದವನ ಮೇಲಿಂದ ಹುಕ್ ಹೋಗಿ 31,421. ಅಲ್ಲಿಂದಾಚೆ ಇನ್ನೂ ಐದು ಸೀಸನ್ ಆಡಿದರು. ದಾಖಲೆ ನಮ್ಮವರದ್ದು ಹೋಯಿತು ಅನ್ನುವ ಬೇಸರ ವಿಲ್ಟ್ ಅಭಿಮಾನಿಗಳಿಗೆ ಇದ್ದರೂ, ಹೋದ ರೀತಿಗೆ ತಕರಾರು ಇಲ್ಲ.

ಸಿಮೆಂಟ್‌ಕೋರ್ಟ್

ಇಷ್ಟು ಒಳ್ಳೆ ಶಾಟ್ ಆದರೆ ಈಗ ಯಾಕೆ ಯಾರೂ ಹೊಡೆಯಲ್ಲ? ಐದೂಮುಕ್ಕಾಲು ಅಡಿಯವರು ಕಲಿತರೆ ಪ್ರಯೋಜನ ಇದೆಯಾ?

ಕೋಚ್‌ಮಾಮ

ಯಾಕೆ ಇಲ್ಲ ಅಂದರೆ, ಆಟ ಹೊರಗೆ ಹೋಯ್ತು. ಈಗ ಸೆಂಟರ್ ಕೂಡ ಮೂರರ ಗೆರೆ ಹತ್ತಿರ ನಿಲ್ತಾನೆ, ಬೆನ್ನು ಕೊಟ್ಟು ಆಡೋಕೆ ಜಾಗ, ಸಮಯ ಕೊಡೋ ತಂಡಗಳು ಕಡಿಮೆ. ಸ್ಕೈಹುಕ್ ಕೂರೋಕೆ ವರ್ಷಗಟ್ಟಲೆ ಬೇಕು, ಕರೀಂ ಪ್ರಾಥಮಿಕ ಶಾಲೆಯಲ್ಲೇ ಶುರು ಮಾಡಿದ್ದು. ಹದಿನೆಂಟಕ್ಕೆ ಶುರು ಮಾಡಿದವನು ಇಪ್ಪತ್ತರಲ್ಲಿ ಪಂದ್ಯದಲ್ಲಿ ಹೊಡೆಯೋ ಧೈರ್ಯ ಮಾಡಲ್ಲ.

ಕುಳ್ಳಗಿದ್ದರೂ ಪ್ರಯೋಜನ ಇದೆ. ನಿಮಗಿಂತ ಎತ್ತರದವನ ಮೇಲೆ ಹೊಡೆಯೋಕೇ ಇದು ಬೇಕಾಗೋದು. 1987ರ ಫೈನಲ್ ನಾಲ್ಕನೇ ಪಂದ್ಯದ ಕೊನೆಯ ಸೆಕೆಂಡ್‌ಗಳಲ್ಲಿ ಬೋಸ್ಟನ್ ವಿರುದ್ಧ ಗೆಲ್ಲಿಸಿದ್ದು ಮ್ಯಾಜಿಕ್ ಹೊಡೆದ ಚಿಕ್ಕ ಹುಕ್, ಕರೀಂ ಅವರಿಂದ ಕಲಿತದ್ದು. ಅವರು ಗಾರ್ಡ್.

ಅಭ್ಯಾಸ ಹೀಗೆ. ಮೊದಲು ಮೈಕನ್ ಡ್ರಿಲ್, ಕರೀಂ ಕಲಿತದ್ದೂ ಇದರಿಂದಲೇ. ರಿಂಗ್ ಅಡಿ ನಿಂತು ಎಡಗಾಲಲ್ಲಿ ಜಿಗಿದು ಬಲಗೈ ಹುಕ್ ಬೋರ್ಡ್‌ಗೆ ಹೊಡೀರಿ. ಚೆಂಡು ನೆಲಕ್ಕೆ ಬೀಳೋ ಮುಂಚೆ ಹಿಡಿದು, ರಿಂಗ್‌ನ ಇನ್ನೊಂದು ಕಡೆ ಬಂದು ಬಲಗಾಲಲ್ಲಿ ಜಿಗಿದು ಎಡಗೈ ಹುಕ್. ಚೆಂಡು ಗದ್ದದಿಂದ ಕೆಳಗೆ ಬರಬಾರದು. 30 ಸೆಕೆಂಡ್ ಒಂದು ಸುತ್ತು, ನಡುವೆ ಅಷ್ಟೇ ವಿಶ್ರಾಂತಿ, ದಿನಕ್ಕೆ ನಾಲ್ಕು ಸುತ್ತು. ಹುಡುಗಿಯರು 6ನೇ ಸೈಜ್ ಚೆಂಡು ಹಿಡೀರಿ, 7ರಲ್ಲಿ ಬೆರಳು ಹಿಡಿತ ತಪ್ಪಿ ಅಂಗೈಯಿಂದ ತಳ್ಳೋ ಚಾಳಿ ಬೀಳುತ್ತೆ.

ಆಮೇಲೆ ರಿಂಗ್‌ನಿಂದ ಒಂದು ಮೀಟರ್, ಜಿಗಿತ ಇಲ್ಲದೆ, ಬರೀ ತೋಳು ಮತ್ತು ಮಣಿಕಟ್ಟು, 25 ಎಸೆತ. 15 ಬೀಳೋ ತನಕ ಹಿಂದೆ ಸರೀಬೇಡಿ. ಆಮೇಲೆ ಜಿಗಿತ ಸೇರಿಸಿ. ಆಮೇಲೆ ಎರಡು ಮೀಟರ್. ಸಿಮೆಂಟ್ ನೆಲದಲ್ಲಿ ಜಿಗಿತದ ಎಸೆತ ದಿನಕ್ಕೆ 60–70 ಸಾಕು, ಎಡ ಮಂಡಿ ಚಿಪ್ಪಿನ ಕೆಳಗೆ ನೋವು ಶುರುವಾದರೆ ಎರಡು ದಿನ ಬರೀ ನಿಂತು ಹೊಡೀರಿ.

ನೇತ್ರಾ_7

ಮಾಮ, ಎರಡು ಮೀಟರ್‌ನಿಂದ ಹೊಡೆದರೆ ಚೆಂಡು ಪ್ರತಿ ಸಲ ರಿಂಗ್‌ನ ಒಂದೇ ಪಕ್ಕಕ್ಕೆ ಹೋಗುತ್ತದೆ, ನನ್ನ ಜೂನಿಯರ್‌ಗಳಲ್ಲಿ ಬಹಳ ಜನಕ್ಕೆ. ನೋಡುವವರ ಎಡಕ್ಕೆ ಅಲ್ಲ, ಹೊಡೆಯುವವರ ಮುಖದ ಮುಂದಕ್ಕೆ.

ಕೋಚ್‌ಮಾಮ

ಮುಖದ ಮುಂದಕ್ಕೆ ಹೋದರೆ ಮೊಣಕೈ ಮಡಚಿದೆ ಅಂತ ಅರ್ಥ ಮೇಡಂ. ತೋಳು ಕಿವಿ ಪಕ್ಕ ಹೋಗದೆ ಮುಖದ ಮುಂದೆ ಬಳಸಿ ಬರ್ತಿದೆ. ಗೋಡೆಗೆ ಬೆನ್ನು ಒರಗಿಸಿ ನಿಲ್ಲಿಸಿ, ಬಲಗೈ ಹಿಂಭಾಗ ಗೋಡೆ ಬಿಡದ ಹಾಗೆ ತೊಡೆಯಿಂದ ತಲೆ ಮೇಲಿನ ತನಕ ಚೆಂಡಿಲ್ಲದೆ 20 ಸಲ ಎತ್ತಿಸಿ. ಗೋಡೆ ಬಿಟ್ಟ ಜಾಗವೇ ತಪ್ಪಾಗ್ತಿರೋ ಜಾಗ. ಮುಖದ ಹಿಂದಕ್ಕೆ ಹೋದರೆ ಮೊಣಕೈ ಸರಿ ಇದೆ, ಎಡಭುಜ ರಿಂಗ್ ದಾಟಿ ತಿರುಗಿದೆ, ಹೆಜ್ಜೆ ತಿದ್ದಿ. ನೇರ ಹೋಗಿ ಮುಂದಿನ ಅಂಚಿಗೆ ಬಡಿದರೆ ಮಾತ್ರ ಬಲ ಕಡಿಮೆ. ಆಗ ತೋಳಿಗೆ ಹೇಳಬೇಡಿ, ಬಲಮಂಡಿ ಇನ್ನೊಂದು ಗೇಣು ಮೇಲೆ ಎತ್ತೋಕೆ ಹೇಳಿ.